ಬ್ಯಾಕ್ಟೀರಿಯಾದ ಮೂಗನ್ನು ತಿರುಗಿಸಿ ನೋಡಬೇಕಾ? ಪ್ರೋಟೀನ್ ಡೇಟಾ ಬ್ಯಾಂಕ್ ತೆರೆಯಿರಿ

ದುಡ್ಡು ಕೊಡಬೇಕಿಲ್ಲ, ಅಕೌಂಟ್ ಬೇಕಿಲ್ಲ, ಸಾಫ್ಟ್‌ವೇರ್ ಹಾಕಿಕೊಳ್ಳಬೇಕಿಲ್ಲ. ಆರ್‌ಸಿಎಸ್‌ಬಿ ಪ್ರೋಟೀನ್ ಡೇಟಾ ಬ್ಯಾಂಕ್ ವೆಬ್‌ಸೈಟ್ ಬಗ್ಗೆ ಮೊದಲು ಹೇಳಬೇಕಾದದ್ದು ಇದೇ. 1971ರಲ್ಲಿ ಏಳೇ ಏಳು ರಚನೆಗಳಿಂದ (ಅಂದರೆ ಪ್ರೋಟೀನ್‌ನ ಯಾವ ಪರಮಾಣು ಎಲ್ಲಿದೆ ಅಂತ ತೋರಿಸುವ 3ಡಿ ಮಾದರಿಗಳಿಂದ) ಶುರುವಾದ ಈ ಸಂಗ್ರಹ ಈಗ ಎರಡು ಲಕ್ಷ ದಾಟಿದೆ. ಬಯಾಲಜಿ ಓದುವವರು, ಪಾಠ ಮಾಡುವವರು ಎಲ್ಲರೂ ಒಮ್ಮೆ ಬಳಸಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಅಂತೀರಾ? ಬ್ಯಾಕ್ಟೀರಿಯಾಗೆ ಆಹಾರ ಯಾವ ಕಡೆ ಇದೆ ಅಂತ ಹೇಗೆ ಗೊತ್ತಾಗುತ್ತದೆ ಅನ್ನೋ ಪಾಠವನ್ನೇ ತಗೊಳ್ಳಿ. ಪುಸ್ತಕದ ಚಿತ್ರದಲ್ಲಿ ಪೊರೆಯ ಮೇಲೊಂದು ಬಟ್ಟಲು, ಅದರೊಳಗೆ ಬಂದು ಕೂರುವ ಒಂದು ಉಂಡೆ. ಅಲ್ಲಿಗೆ ಮುಗೀತು. ಈಗ ಸರ್ಚ್‌ನಲ್ಲಿ 2ಎಲ್‌ಐಜಿ ಅನ್ನೋ ಕೋಡ್ ಹಾಕಿ (ಇಂಗ್ಲಿಷ್ ಅಕ್ಷರದಲ್ಲೇ, 2LIG ಅಂತ), 3ಡಿಯಲ್ಲಿ ತೆರೆಯಿರಿ. ಇದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಟಾರ್ ರಿಸೆಪ್ಟರ್‌ನ (ಹೊರಗಿನ ರಾಸಾಯನಿಕವನ್ನು ಗುರುತಿಸುವ ಪ್ರೋಟೀನ್, ಅಂದರೆ ಅದರ ‘ಮೂಗು’) ಹೊರಭಾಗ, ಅಸ್ಪಾರ್ಟೇಟ್ ಅನ್ನೋ ಅಮೈನೋ ಆಮ್ಲವನ್ನು ಹಿಡಿದುಕೊಂಡಿರುವಾಗಿನದು. 1991ರಲ್ಲಿ ಬರ್ಕ್ಲಿಯ ಕೋಶ್‌ಲ್ಯಾಂಡ್ ಮತ್ತು ಸುಂಗ್-ಹೌ ಕಿಮ್ ಅವರ ತಂಡ ಪ್ರಕಟಿಸಿದ ರಚನೆ.

ಬಟ್ಟಲು ಎಲ್ಲೂ ಇಲ್ಲ! ಒಂದೇ ತರಹದ ಎರಡು ಪ್ರೋಟೀನ್ ಸರಪಳಿಗಳು ಉದ್ದಕ್ಕೆ ಪಕ್ಕಪಕ್ಕ ನಿಂತಿವೆ, ಅಸ್ಪಾರ್ಟೇಟ್ ಅವೆರಡರ ನಡುವಿನ ಸಂದಿಯಲ್ಲಿದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಅಕ್ಕಪಕ್ಕದ ಅಮೈನೋ ಆಮ್ಲಗಳು ಚುಕ್ಕೆ ಗೆರೆಗಳ ಸಮೇತ ಕಾಣಿಸುತ್ತವೆ. ಒಂದು ಸರಪಳಿಯ 64ನೇ ಆರ್ಜಿನೈನ್, ಇನ್ನೊಂದರ 69 ಮತ್ತು 73ನೇ ಆರ್ಜಿನೈನ್. ಅಂದರೆ ಇಬ್ಬರೂ ಸೇರಿ ಹಿಡಿಯಬೇಕು, ಒಂದರಿಂದ ಆಗುವ ಕೆಲಸವಲ್ಲ. ಇದನ್ನು ಮೌಸ್‌ನಲ್ಲಿ ತಿರುಗಿಸುತ್ತಾ ನೋಡಿದಾಗ ಮನಸ್ಸಿಗೆ ಇಳಿಯುವಷ್ಟು ಯಾವ ಚಿತ್ರದಿಂದಲೂ ಇಳಿಯುವುದಿಲ್ಲ.

ಹೀಗೆ ಹಿಡಿದಾಗ ರಿಸೆಪ್ಟರ್‌ನ ಒಂದು ಹೆಲಿಕ್ಸ್ (ಸುರುಳಿಯಾಕಾರದ ಭಾಗ) ಜೀವಕೋಶದ ಒಳಗಡೆಗೆ ಒಂದೆರಡು ಆಂಗ್‌ಸ್ಟ್ರಾಮ್ ಜಾರುತ್ತದೆ. ಹೆಚ್ಚು ಕಡಿಮೆ ಒಂದು ಪರಮಾಣುವಿನ ಅಗಲ, ಅಷ್ಟೇ. ಅಷ್ಟಕ್ಕೇ ಒಳಗಿನ ಚೀಎ (CheA) ಕೈನೇಸ್‌ನ, ಅಂದರೆ ಫಾಸ್ಫೇಟ್ ಅಂಟಿಸುವ ಕಿಣ್ವದ, ಕೆಲಸ ತಗ್ಗುತ್ತದೆ, ಮೋಟಾರ್‌ಗೆ ಸುದ್ದಿ ಮುಟ್ಟಿಸುವ ಚೀವೈ (CheY) ಪ್ರೋಟೀನ್‌ಗೆ ಫಾಸ್ಫೇಟ್ ಸಿಗುವುದು ಕಮ್ಮಿಯಾಗುತ್ತದೆ, ಈಜುವ ಬಾಲಗಳನ್ನು ತಿರುಗಿಸುವ ಫ್ಲಜೆಲ್ಲಾ ಮೋಟಾರ್ ದಿಕ್ಕು ಬದಲಿಸುವುದು ಕಮ್ಮಿಯಾಗಿ ಬ್ಯಾಕ್ಟೀರಿಯಾ ನೇರವಾಗಿ ಜಾಸ್ತಿ ಹೊತ್ತು ಈಜುತ್ತದೆ. ನನಗೆ ಇದು ಈಗಲೂ ಮೈ ಜುಮ್ ಅನ್ನಿಸುವ ವಿಷಯ.

ಕೊರತೆ ಇಲ್ಲವಾ ಅಂದರೆ ಇದೆ. 2ಎಲ್‌ಐಜಿಯಲ್ಲಿ ಪೊರೆ ದಾಟುವ ಭಾಗ ಇಲ್ಲ, ಒಳಭಾಗವೂ ಇಲ್ಲ. ಒಳಭಾಗಕ್ಕೆ 1ಕ್ಯೂಯು7 (1QU7) ಅನ್ನೋ ಇನ್ನೊಂದು ರಚನೆ ನೋಡಬೇಕು, ಅದು ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಸೆರೀನ್ ಅನ್ನೋ ಅಮೈನೋ ಆಮ್ಲವನ್ನು ಗುರುತಿಸುವ ರಿಸೆಪ್ಟರ್ ಟಿಎಸ್‌ಆರ್‌ನದು, ಸುಮಾರು 200 ಆಂಗ್‌ಸ್ಟ್ರಾಮ್ ಉದ್ದ. ಎರಡನ್ನೂ ತಲೆಯಲ್ಲೇ ಜೋಡಿಸಿಕೊಳ್ಳಬೇಕು. ಜಾರುವ ಚಲನೆಯಂತೂ ನಿಂತ ರಚನೆಯಲ್ಲಿ ಕಾಣುವುದಿಲ್ಲ. ವಿವರಣೆ ಎಲ್ಲಾ ಇಂಗ್ಲಿಷ್‌ನಲ್ಲೇ ಇರೋದರಿಂದ ಪಿಯುಸಿ ಮಕ್ಕಳ ಪಕ್ಕ ಯಾರಾದರೂ ಕೂತು ಹೇಳಿಕೊಡಬೇಕು.

ಪ್ರತಿ ರಚನೆಗೂ ಒಂದು ವ್ಯಾಲಿಡೇಶನ್ ರಿಪೋರ್ಟ್ (ರಚನೆಯ ಗುಣಮಟ್ಟ ಹೇಳುವ ವರದಿ) ಇರುತ್ತದೆ, ಅದನ್ನು ಬಿಡಬೇಡಿ. ಅದರಲ್ಲಿ ರಾಮಚಂದ್ರನ್ ಔಟ್‌ಲಯರ್ಸ್ ಅಂತ ಒಂದು ಸಾಲು ಬರುತ್ತದೆ, ಅಂದರೆ ಸರಪಳಿ ಸಾಮಾನ್ಯವಾಗಿ ತಿರುಚಿಕೊಳ್ಳದ ಕೋನಗಳಲ್ಲಿರುವ ಅಮೈನೋ ಆಮ್ಲಗಳು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರ ಹೆಸರೇ ಅದು. ಅದಕ್ಕೂ ಮೊದಲು ಮದ್ರಾಸ್‌ನಲ್ಲಿದ್ದಾಗ ಅವರ ತಂಡ 1963ರಲ್ಲಿ ಪ್ರಕಟಿಸಿದ, ಈ ಕೋನಗಳ ನಕ್ಷೆಯಿಂದಲೇ ಇವತ್ತಿಗೂ ಪ್ರೋಟೀನ್ ರಚನೆ ಸರಿ ಇದೆಯಾ ಅಂತ ಪರೀಕ್ಷಿಸುತ್ತಾರೆ.

ಮೊಬೈಲ್‌ಗಿಂತ ಲ್ಯಾಪ್‌ಟಾಪ್‌ನಲ್ಲಿ ನೋಡಿ. ತೀರಾ ಹೊಸಬರಾದರೆ ಅದೇ ಸಂಸ್ಥೆಯವರ ‘ಮಾಲಿಕ್ಯೂಲ್ ಆಫ್ ದಿ ಮಂತ್’ ಪುಟಗಳಿಂದ ಶುರು ಮಾಡಿ, ಆಮೇಲೆ 2ಎಲ್‌ಐಜಿಗೆ ಬನ್ನಿ.