ಟೋಕಿಯೋದಿಂದ ಕ್ಯೋಟೋಗೆ ಸುತ್ತಿ ಹೋಗುವ ದಾರಿ: ಹೊಕುರಿಕು ಆರ್ಚ್ ಪಾಸ್ ತಗೋಬಹುದಾ?

ಜಪಾನಿಗೆ ಮೊದಲ ಸಲ ಹೊರಡುವವರು ಹೆಚ್ಚಾಗಿ ಮಾಡುವುದು ಒಂದೇ. ಟೋಕಿಯೋದಲ್ಲಿ ನೊಜೊಮಿ ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತುತ್ತಾರೆ, ಎರಡೂಕಾಲು ಗಂಟೆಯಲ್ಲಿ ಕ್ಯೋಟೋದಲ್ಲಿ ಇಳಿಯುತ್ತಾರೆ, ವಾಪಸ್ಸೂ ಅದೇ ದಾರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೈಯಲ್ಲಿ ಒಂದು ವಾರ ಇದ್ದರೆ ದಯವಿಟ್ಟು ಉತ್ತರದ ದಾರಿ ಹಿಡಿಯಿರಿ: ಟೋಕಿಯೋದಿಂದ ನಗಾನೋ, ತೊಯಾಮಾ, ಕನಜಾವಾ, ಅಲ್ಲಿಂದ ಫುಕುಯಿ ಮೇಲೆ ಇಳಿದು ಕ್ಯೋಟೋ, ಒಸಾಕಾ. ಭೂಪಟದಲ್ಲಿ ನೋಡಿದರೆ ಬಿಲ್ಲು ಬಾಗಿಸಿದ ಹಾಗೆ ಕಾಣುತ್ತದೆ. ಈ ದಾರಿಗೆಂದೇ ಇರುವುದು ಹೊಕುರಿಕು ಆರ್ಚ್ ಪಾಸ್. ಏಳು ದಿನ ನಡೆಯುತ್ತದೆ, ಏಳೂ ದಿನ ಸತತವಾಗಿ.

ಮೊದಲು ದುಡ್ಡಿನ ಮಾತು. ಇಡೀ ದೇಶಕ್ಕೆ ನಡೆಯುವ ಏಳು ದಿನದ ಜೆಆರ್ (ಜಪಾನ್ ರೈಲ್ವೇಸ್) ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ ಒಂದೇ ಸಲಕ್ಕೆ 50,000 ಯೆನ್‌ಗೆ ಏರಿತು. ಟೋಕಿಯೋ-ಕ್ಯೋಟೋ ಹೋಗಿ ಬರುವುದಕ್ಕೆ ಬಿಡಿ ಟಿಕೆಟ್ ತಗೊಂಡರೂ 28,000 ಯೆನ್ ಆಸುಪಾಸು ಆಗುತ್ತದೆ ಅಷ್ಟೇ, ಹಾಗಾಗಿ ಬರೀ ಇಷ್ಟು ಓಡಾಟಕ್ಕೆ ದೊಡ್ಡ ಪಾಸ್ ಸುಮ್ನೆ ದಂಡ. ಆರ್ಚ್ ಪಾಸ್ ಬೆಲೆಯೂ 2024ರ ಮಾರ್ಚ್‌ನಲ್ಲಿ 24,500ರಿಂದ 30,000 ಯೆನ್‌ಗೆ ಹೋಯಿತು. ಕೊಳ್ಳುವ ಮುಂಚೆ ಆವತ್ತಿನ ದರ ನೋಡಿಕೊಳ್ಳಿ.

2024ರ ಆ 30,000 ಯೆನ್ ಲೆಕ್ಕದಲ್ಲಿ ಗಿಟ್ಟುತ್ತದಾ? ಟೋಕಿಯೋದಿಂದ ಕನಜಾವಾಗೆ ಬಿಡಿ ಟಿಕೆಟ್ 14,000 ಯೆನ್ ಮೇಲೆ, ಕನಜಾವಾದಿಂದ ಒಸಾಕಾಗೆ ಸುಮಾರು 9,400. ಎರಡೂ ಸೇರಿದರೆ 24,000 ಹತ್ತಿರ. ಅಂದರೆ ನಡುವೆ ಎಲ್ಲೂ ಇಳಿಯದೆ ಹೋಗುವವರಿಗೆ ಪಾಸ್ ನಷ್ಟ, ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ನರಿತಾ ವಿಮಾನ ನಿಲ್ದಾಣದಿಂದ ಟೋಕಿಯೋಗೆ ಬರುವ ನರಿತಾ ಎಕ್ಸ್‌ಪ್ರೆಸ್, ಆ ಕಡೆ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವ ಹರುಕಾ ರೈಲು, ಎರಡೂ ಪಾಸ್‌ನಲ್ಲೇ ಬರುತ್ತವೆ. ಒಂದು ಕಡೆ ಇಳಿದು ಇನ್ನೊಂದು ಕಡೆಯಿಂದ ವಿಮಾನ ಹತ್ತುವವರಿಗೆ ಲೆಕ್ಕ ಸರಿಹೋಗುತ್ತದೆ. ಅದರ ಮೇಲೆ ದಾರಿಯಲ್ಲಿ ಇಳಿದು ಹತ್ತುವ ಊರೆಲ್ಲ ಲಾಭ. ನನ್ನ ಪ್ರಕಾರ ಈ ಪಾಸ್‌ನ ಅಸಲಿ ಸುಖ ಅಲ್ಲೇ ಇರುವುದು: ಊರು ಇಷ್ಟವಾದರೆ ಇಳಿ, ಸಾಕಾದರೆ ಮುಂದಿನ ರೈಲು ಹಿಡಿ, ಪ್ರತಿ ಸಲ ಟಿಕೆಟ್ ಎಷ್ಟು ಅಂತ ಯೋಚನೆ ಇಲ್ಲ.

ನಗಾನೋ ಬಿಡಬೇಡಿ. ಟೋಕಿಯೋದಿಂದ ಕಗಯಾಕಿ ಶಿಂಕಾನ್ಸೆನ್ ರೈಲಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಅಲ್ಲಿನ ಝೆಂಕೋಜಿ ದೇವಾಲಯದ ಮುಖ್ಯ ಕಟ್ಟಡದ ಕೆಳಗೆ ಒಂದು ಓಣಿ ಇದೆ. ಮೆಟ್ಟಿಲಿಳಿದು ಎರಡು ಹೆಜ್ಜೆ ತಿರುಗಿದರೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ, ಅಂಥ ಕತ್ತಲು. ಬಲಗೈಯನ್ನು ಸೊಂಟದ ಎತ್ತರದಲ್ಲಿ ಗೋಡೆಗೆ ಇಟ್ಟು ಸವರುತ್ತಾ ನಡೆಯಬೇಕು. ಮುಂದಿರುವವರ ಉಸಿರು, ಬಟ್ಟೆಯ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಆಮೇಲೆ ಕೈಗೆ ಒಂದು ಲೋಹದ ಅಗುಳಿ ತಾಗುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅದನ್ನು ಮುಟ್ಟಿದವರಿಗೆ ಮೋಕ್ಷ ಖಂಡಿತ ಅಂತ ನಂಬಿಕೆ. ಜಪಾನಿನಲ್ಲಿ ದೇವಸ್ಥಾನ ನೋಡಿ ನೋಡಿ ಕಣ್ಣು ಸೋತಿರುತ್ತದಲ್ವಾ, ಇಲ್ಲಿ ಕೈಯಿಂದ ನೋಡಬೇಕು. ಹೊರಗೆ ಬಂದ ಮೇಲೆ ದೇವಾಲಯದ ಬೀದಿಯಲ್ಲಿ ಒಯಾಕಿ ಮಾರುತ್ತಾರೆ. ಹಿಟ್ಟಿನೊಳಗೆ ಸೊಪ್ಪು, ಸಿಹಿಗುಂಬಳ, ಬದನೆಕಾಯಿ ಹೂರಣ ಇಟ್ಟು ಬೇಯಿಸಿದ ತಿಂಡಿ. ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ಸಿಗುವ ಒಳ್ಳೆಯ ಆಹಾರ ಇದು, ಹೂರಣದಲ್ಲಿ ಏನಿದೆ ಅಂತ ಕೇಳಿ ತಗೊಳ್ಳಿ. ಸೋಬಾ, ಉದೊನ್ ಎಂಬ ನೂಡಲ್ಸ್ ಸಾರಿನಲ್ಲಿ ಸಾಮಾನ್ಯವಾಗಿ ದಾಶಿ, ಅಂದರೆ ಮೀನು ಕುದಿಸಿದ ರಸ, ಇರುತ್ತದೆ, ಮೇಲೆ ಬರೀ ತರಕಾರಿ ಕಂಡರೂ ಮೋಸ ಹೋಗಬೇಡಿ.

ನಗಾನೋ ದಾಟಿದ ಮೇಲೆ ಕನಜಾವಾ ಕಡೆ ಹೋಗುವಾಗ ಎಡಗಡೆ ಸೀಟು ಕೇಳಿ. ಸುರಂಗಗಳು ಜಾಸ್ತಿ, ಆದರೆ ತೊಯಾಮಾ ಹತ್ತಿರ ಆಕಾಶ ತಿಳಿಯಾಗಿದ್ದರೆ ತತೆಯಾಮಾ ಬೆಟ್ಟಸಾಲು ಆ ಕಡೆಯೇ ಕಾಣುವುದು. ಕಗಯಾಕಿಯಲ್ಲಿ ಎಲ್ಲವೂ ಕಾಯ್ದಿರಿಸಿದ ಸೀಟೇ. ಪಾಸ್ ಇದ್ದವರಿಗೆ ಇದಕ್ಕೆ ಬೇರೆ ದುಡ್ಡಿಲ್ಲ. ಅದೇ ದಾರಿಯ ಹಕುತಾಕಾ ರೈಲಿನಲ್ಲಿ ಸೀಟು ಕಾಯ್ದಿರಿಸದೆ ಹತ್ತುವ ಬೋಗಿಗಳೂ ಇವೆ.

ಕನಜಾವಾದಲ್ಲಿ ಕನಿಷ್ಠ ಒಂದು ರಾತ್ರಿ ಉಳಿಯಿರಿ, ಬೆಳಗ್ಗೆ ಬಂದು ಸಂಜೆ ಹೋಗುವ ಊರಲ್ಲ ಅದು. ಕಾರಣ ಕೆನ್ರೋಕುಎನ್ ತೋಟ. ಹಗಲಿನ ಟಿಕೆಟ್ ಹೊತ್ತಿಗೆ ಮುಂಚೆ, ಬೆಳಗಿನ ಜಾವ, ಇದನ್ನು ಉಚಿತವಾಗಿ ತೆರೆಯುತ್ತಾರೆ. ಟೂರಿಸ್ಟ್ ಬಸ್ಸುಗಳು ಬರುವ ಮೊದಲು ಕೊಳದ ಹತ್ತಿರ ನಿಂತರೆ ಕೊತೋಜಿ ಕಲ್ಲಿನ ದೀಪ ಕಾಣುತ್ತದೆ, ಒಂದು ಕಾಲು ನೀರಿನಲ್ಲಿ, ಇನ್ನೊಂದು ಗಿಡ್ಡ ಕಾಲು ದಂಡೆಯ ಕಲ್ಲಿನ ಮೇಲೆ. ನವೆಂಬರ್ ಆದ ಮೇಲೆ ಹೋದರೆ ಪೈನ್ ಮರಗಳ ನಡುವೆ ಎತ್ತರದ ಕಂಬ ನೆಟ್ಟು, ಅದರ ತುದಿಯಿಂದ ಪ್ರತಿ ಕೊಂಬೆಗೂ ಹಗ್ಗ ಕಟ್ಟಿರುತ್ತಾರೆ. ಆ ಕಡೆ ಬೀಳುವ ಹಿಮ ಒದ್ದೆ, ಭಾರ ಜಾಸ್ತಿ, ಕೊಂಬೆ ಮುರಿಯದಿರಲಿ ಅಂತ. ಹಿಗಾಶಿ ಚಾಯಾ ಬೀದಿಯ ಹಳೆ ಮರದ ಮನೆಗಳು ಚೆಂದ, ಮಧ್ಯಾಹ್ನ ಮಾತ್ರ ಜನಜಂಗುಳಿ. ಜಪಾನಿನ ಚಿನ್ನದ ರೇಕು ಬಹುತೇಕ ಇದೇ ಊರಿನಲ್ಲಿ ತಯಾರಾಗುವುದು, ಐಸ್‌ಕ್ರೀಮ್ ಮೇಲೂ ಹಾಳೆ ಹಾಳೆಯಾಗಿ ಹೊದಿಸುತ್ತಾರೆ. ನೋಡಲು ಚೆನ್ನ, ಚಿನ್ನಕ್ಕೆ ರುಚಿಯೇನೂ ಇಲ್ಲ.

ಈಗ ಕೊರತೆಗಳು. ಮೊದಲು ಕನಜಾವಾದಿಂದ ಕ್ಯೋಟೋಗೆ ಥಂಡರ್‌ಬರ್ಡ್ ಎಂಬ ಎಕ್ಸ್‌ಪ್ರೆಸ್ ರೈಲು ನೇರವಾಗಿ ಓಡುತ್ತಿತ್ತು. 2024ರ ಮಾರ್ಚ್ 16ಕ್ಕೆ ಶಿಂಕಾನ್ಸೆನ್ ಕನಜಾವಾ ದಾಟಿ ತ್ಸುರುಗಾ ಊರಿನವರೆಗೆ ಬಂದ ಮೇಲೆ ಅಲ್ಲಿ ಇಳಿದು ಬದಲಿಸಲೇಬೇಕು. ಶಿಂಕಾನ್ಸೆನ್ ನಿಲ್ಲುವುದು ಮೂರನೇ ಮಹಡಿಯಲ್ಲಿ, ಎರಡನೇ ಮಹಡಿಯಲ್ಲಿ ಸಾಲು ಸಾಲು ಗೇಟು, ಥಂಡರ್‌ಬರ್ಡ್ ಕೆಳಗೆ ಒಂದನೇ ಮಹಡಿಯಲ್ಲಿ (ಜಪಾನಿನಲ್ಲಿ ನೆಲಮಹಡಿಯೇ ಒಂದನೇ ಮಹಡಿ). ಹಲವು ರೈಲುಗಳಿಗೆ ಸಿಗುವ ಸಮಯ ಎಂಟೇ ನಿಮಿಷ ಆಸುಪಾಸು. ಆರೋಗ್ಯವಂತರಿಗೆ ಕಷ್ಟವಿಲ್ಲ, ಬೋರ್ಡುಗಳು ಸ್ಪಷ್ಟವಾಗಿವೆ. ಅಪ್ಪ ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವವರು ಸೀಟು ಕಾಯ್ದಿರಿಸುವಾಗಲೇ ಒಂದು ಥಂಡರ್‌ಬರ್ಡ್ ಬಿಟ್ಟು ಅದರ ಮುಂದಿನದಕ್ಕೆ ತಗೊಳ್ಳಿ. ಅದರಲ್ಲೂ ಎಲ್ಲ ಸೀಟು ಕಾಯ್ದಿರಿಸಿದ್ದೇ, ಹಾಗಾಗಿ ಸುಮ್ನೆ ಹತ್ತಿಬಿಡೋಣ ಅನ್ನುವ ಹಾಗಿಲ್ಲ. ಗೇಟಿಗೆ ಹಾಕಬೇಕಾದ್ದು ಪಾಸ್ ಮಾತ್ರ, ಸೀಟಿನ ಚೀಟಿ ಅಲ್ಲ. ಪಾಸ್ ಅಂದರೆ ಒಂದು ಪುಟ್ಟ ಕಾಗದದ ಟಿಕೆಟ್, ಕಳೆದರೆ ಮತ್ತೆ ಕೊಡುವುದಿಲ್ಲ, ಗೇಟಿನ ಆಚೆ ಹೊರಬಂದ ತಕ್ಷಣ ಎತ್ತಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ: ಟೋಕಿಯೋ-ಕ್ಯೋಟೋ ನಡುವಿನ ತೊಕಾಯ್ದೊ ಶಿಂಕಾನ್ಸೆನ್‌ಗೆ ಈ ಪಾಸ್ ನಡೆಯುವುದಿಲ್ಲ. ಒಸಾಕಾದಿಂದ ಮತ್ತೆ ಟೋಕಿಯೋಗೆ ಬೇಗ ಬರಬೇಕು ಅನ್ನುವವರಿಗೆ ಸುಮಾರು 14,000 ಯೆನ್ ಬೇರೆ ಖರ್ಚು. ಊರೊಳಗಿನ ಬಸ್ಸು, ಮೆಟ್ರೋಗೆ ದುಡ್ಡು ತುಂಬಿಸಿ ಬಳಸುವ ಸುಯಿಕಾ ಕಾರ್ಡ್ ಇಟ್ಟುಕೊಳ್ಳಿ.

ಸಾಮಾನಿನ ವಿಚಾರದಲ್ಲಿ ನನ್ನ ಸಲಹೆ ಇಷ್ಟೇ. ದೊಡ್ಡ ಸೂಟ್‌ಕೇಸನ್ನು ಟೋಕಿಯೋದ ಹೋಟೆಲ್ ಕೌಂಟರ್‌ನಲ್ಲೇ ತಕ್ಕ್ಯೂಬಿನ್ ಎಂಬ ಸಾಮಾನು ಸಾಗಿಸುವ ಕೊರಿಯರ್‌ಗೆ ಕೊಟ್ಟು ಸೀದಾ ಕ್ಯೋಟೋದ ಹೋಟೆಲ್‌ಗೆ ಕಳಿಸಿ, ಸಾಮಾನ್ಯವಾಗಿ ಮಾರನೇ ದಿನ ತಲುಪುತ್ತದೆ. ನೀವು ತಲುಪುವ ದಿನಾಂಕವನ್ನು ಕ್ಯೋಟೋದ ಹೋಟೆಲ್‌ಗೆ ಮೊದಲೇ ತಿಳಿಸಿ. ಬೆನ್ನಿಗೆ ಒಂದು ಬ್ಯಾಗು ಇದ್ದರೆ ತ್ಸುರುಗಾದ ಎಂಟು ನಿಮಿಷ ಧಾರಾಳ. ಒಂದು ದಿನ ಉಳಿದರೆ ಫುಕುಯಿಯಲ್ಲಿ ಇಳಿದು ಬಸ್ಸಿನಲ್ಲಿ ಎಯ್‌ಹೇಜಿಗೆ ಹೋಗಿ ಬನ್ನಿ. 1244ರಲ್ಲಿ ಗುರು ದೋಗೆನ್ ಕಟ್ಟಿಸಿದ ಝೆನ್ ಬೌದ್ಧ ಮಠ ಅದು, ಇವತ್ತಿಗೂ ಸನ್ಯಾಸಿಗಳು ಇದ್ದು ಅಭ್ಯಾಸ ಮಾಡುವ ಜಾಗ, ಬಸ್ಸಿನ ದುಡ್ಡು ಮಾತ್ರ ಪಾಸ್‌ನಲ್ಲಿ ಸೇರಿಲ್ಲ.