ಡ್ಯೂಟಿ ಪಿಸ್ತೂಲಿಗೆ ರೆಡ್ ಡಾಟ್: ತೆರೆದದ್ದೋ, ಮುಚ್ಚಿದ್ದೋ?

ರೆಡ್ ಡಾಟ್ ಅಂದರೆ ಪಿಸ್ತೂಲಿನ ಮೇಲೆ ಕೂರಿಸುವ, ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ಸೈಟು. ಅದರ ದೀಪ ಬಯಲಿಗೆ ತೆರೆದಿರಬಹುದು, ಇಲ್ಲವೇ ಡಬ್ಬಿಯೊಳಗೆ ಮುಚ್ಚಿರಬಹುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಚ್ಚಿದ ಸೈಟಿಗೆ. ಎರಡನ್ನೂ ಡ್ಯೂಟಿಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದೇನೆ. ತೆರೆದದ್ದು 14 ತಿಂಗಳು, ಮುಚ್ಚಿದ್ದು ಈಗ ಎರಡನೇ ವರ್ಷ. ಗುರಿ ಹಿಡಿಯುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ದಿನಾ ಅದನ್ನು ನೋಡಿಕೊಳ್ಳುವ ಕೆಲಸದಲ್ಲಿ.

ತೆರೆದ ಸೈಟಿನಲ್ಲಿ ಗಾಜು ಒಂದೇ. ಹಿಂದೆ, ತಳದಲ್ಲಿ ಕೂತ ಪುಟ್ಟ ಎಲ್‌ಇಡಿ ಆ ಗಾಜಿಗೆ ಬೆಳಕು ಬಿಡುತ್ತದೆ, ಗಾಜು ಅದನ್ನು ಕಣ್ಣಿಗೆ ವಾಪಸ್ ಕಳಿಸುತ್ತದೆ. ನಡುವೆ ಏನೂ ಅಡ್ಡ ಇಲ್ಲ. ಒಮ್ಮೆ ಮಳೆಯಲ್ಲೇ ರಾತ್ರಿ ಅಭ್ಯಾಸ ನಡೆಯುತ್ತಿತ್ತು. ಪಿಸ್ತೂಲು ಎತ್ತಿದರೆ ಚುಕ್ಕೆಯೇ ಇಲ್ಲ. ನೀರಿಗೆ ಬಿದ್ದ ಕುಂಕುಮದ ಹಾಗೆ ಗಾಜಿನ ತುಂಬ ಕೆಂಪು ಹರಡಿಕೊಂಡಿದೆ. ಹೆಬ್ಬೆರಳಲ್ಲಿ ಗಾಜು ಒರೆಸಿದೆ, ಹಾಗೇ ಇತ್ತು. ಹನಿ ಕೂತಿದ್ದದ್ದು ಗಾಜಿನ ಮೇಲಲ್ಲ, ಎಲ್‌ಇಡಿಯ ಗುಳಿಯಲ್ಲಿ. ಅಲ್ಲಿಗೆ ಬೆರಳು ಹೋಗುವುದಿಲ್ಲ. ಉಳಿದ ಗುಂಡುಗಳನ್ನು ಪಿಸ್ತೂಲಿನ ಮಾಮೂಲಿ ಲೋಹದ ಗುರಿಗೂಟ, ಅಂದರೆ ಐರನ್ ಸೈಟ್ ನೋಡಿಕೊಂಡೇ ಹೊಡೆದೆ. ಮಳೆ ಇಲ್ಲದ ದಿನ ಜಾಕೆಟ್ಟಿನ ನೂಲೆಳೆ ಅದೇ ಗುಳಿಗೆ ಸೇರುತ್ತಿತ್ತು.

ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು. ನನಗೆ ನಿಜಕ್ಕೂ ಸಾಕು ಸಾಕಾಗಿದ್ದು ಬ್ಯಾಟರಿ ಬದಲಿಸುವ ಕೆಲಸ. ನಾನು ಕೊಂಡ ತೆರೆದ ಸೈಟಿಗೆ ಬ್ಯಾಟರಿ ಹೊಟ್ಟೆಯ ಕೆಳಗೆ. ಒಂದು ನಾಣ್ಯದಷ್ಟು ಸೆಲ್ ಹಾಕಲು ಇಡೀ ಸೈಟನ್ನೇ ಸ್ಲೈಡಿನಿಂದ (ಗುಂಡು ಹೊಡೆದಾಗ ಹಿಂದೆ ಮುಂದೆ ಸರಿಯುವ ಪಿಸ್ತೂಲಿನ ಮೇಲ್ಭಾಗ) ಬಿಚ್ಚಬೇಕು. ಪಿಸ್ತೂಲು ಖಾಲಿ ಮಾಡಿ, ಎರಡು ಸ್ಕ್ರೂ ಬಿಚ್ಚಬೇಕು. ಹಳೇ ಥ್ರೆಡ್‌ಲಾಕರಿನ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ನೀಲಿ ಪುಡಿಯನ್ನು ಸ್ಕ್ರೂ ಎಳೆಯಿಂದಲೂ ತೂತಿನಿಂದಲೂ ಕೆರೆದು, ಆಲ್ಕೋಹಾಲಿನಲ್ಲಿ ಎಣ್ಣೆ ಪಸೆ ತೆಗೆಯಬೇಕು. ಪಸೆ ಉಳಿದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ, ಸ್ಲೈಡಿನ ಪ್ರತಿ ಹೊಡೆತಕ್ಕೂ ಸ್ಕ್ರೂ ಚೂರು ಚೂರೇ ಸಡಿಲಾಗುತ್ತದೆ. ಆಮೇಲೆ ಹೊಸ ಹನಿ ಹಾಕಿ, ಟಾರ್ಕ್ ಡ್ರೈವರಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಬೇಕು. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ.

ಅಷ್ಟಾದರೂ ಮುಗಿಯಲಿಲ್ಲ. ನೀಲಿ ಥ್ರೆಡ್‌ಲಾಕರ್ ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಸೈಟು ಬಿಚ್ಚಿ ಕೂರಿಸಿದ ಮೇಲೆ ಝೀರೋ, ಅಂದರೆ ಚುಕ್ಕೆ ಇಟ್ಟ ಕಡೆಗೇ ಗುಂಡು ಬೀಳುವ ಹೊಂದಿಕೆ, ಹಾಗೇ ಇದೆ ಅಂತ ನಂಬಿಕೊಂಡು ಡ್ಯೂಟಿಗೆ ಹೋಗುವ ಹಾಗಿಲ್ಲ. ರೇಂಜಿಗೆ ಹೋಗಬೇಕು, ಗುಂಡು ಹಾಳಾಗಬೇಕು. ಒಂದು ಸಲ ನಾನು ಕೂರಿಸಿದ ಮೇಲೆ ಏಟುಗಳು ಎಡಕ್ಕೆ ಹೋಗಿದ್ದವು. ಸ್ವಲ್ಪವೇ ಹೌದು, ಆದರೆ ಪರೀಕ್ಷಿಸದೆ ಹೋಗಿದ್ದರೆ ಅದು ನನಗೆ ಯಾವಾಗ ಗೊತ್ತಾಗುತ್ತಿತ್ತು? ಒಂದು ಸೆಲ್ಲಿಗಾಗಿ ಎರಡು ದಿನ ಪಿಸ್ತೂಲು ಡ್ಯೂಟಿಯಿಂದ ಹೊರಗೆ. ಕೆಲಸ ಇಷ್ಟು ಉದ್ದ ಇದ್ದರೆ ಮನಸ್ಸು ಮುಂದೂಡುತ್ತದೆ, ಅಲ್ವಾ? ನಾನೂ ಒಂದು ತಿಂಗಳು ಮುಂದೂಡಿದೆ. ಭಯ ಹುಟ್ಟಿಸಿದ್ದು ಆ ತಿಂಗಳೇ. ಎಲ್ಲಾ ತೆರೆದ ಸೈಟುಗಳೂ ಹೀಗಿಲ್ಲ, ಮೇಲಿಂದ ಬ್ಯಾಟರಿ ಹಾಕುವಂಥವೂ ಇವೆ. ತೆರೆದದ್ದೇ ಬೇಕೆಂದರೆ ಅಂಥದ್ದನ್ನೇ ಹುಡುಕಿ.

ಆಮೇಲೆ ಕೊಂಡದ್ದು ಏಮ್‌ಪಾಯಿಂಟ್ ಆಕ್ರೋ ಪಿ-2, ಮುಚ್ಚಿದ ಸೈಟು. ಎಲ್‌ಇಡಿ ಎರಡು ಗಾಜಿನ ನಡುವೆ ಮುಚ್ಚಿದ ಡಬ್ಬಿಯೊಳಗೆ ಇದೆ. ಮಳೆ, ನೂಲು, ಧೂಳು ಏನೇ ಬಿದ್ದರೂ ಹೊರಗಿನ ಗಾಜಿನ ಮೇಲೆ. ಬಟ್ಟೆಯಲ್ಲಿ ಒಂದು ಸಲ ಎಳೆದರೆ ಚುಕ್ಕೆ ವಾಪಸ್. ಬ್ಯಾಟರಿ ಪಕ್ಕದಲ್ಲಿ, ಸಿಆರ್2032. ಸೈಟು ಅಲುಗಾಡುವುದಿಲ್ಲ, ಝೀರೋಗೆ ತೊಂದರೆ ಇಲ್ಲ. ಕಂಪನಿ 50,000 ಗಂಟೆ ಅನ್ನುತ್ತದೆ, ಆದರೂ ನಾನು ವರ್ಷಕ್ಕೊಮ್ಮೆ, ವಾರ್ಷಿಕ ಫೈರಿಂಗಿನ ದಿನವೇ ಬದಲಿಸುತ್ತೇನೆ. ಮಕ್ಕಳು ನುಂಗದಿರಲಿ ಅಂತ ಕೆಲವು ಸೆಲ್ಲುಗಳಿಗೆ ಕಹಿ ಲೇಪ ಇರುತ್ತದೆ. ಅದರಿಂದ ಕೆಲವೊಮ್ಮೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಅದಕ್ಕೇ ಲೇಪ ಇಲ್ಲದ ಸೆಲ್ಲನ್ನೇ ಕೊಳ್ಳುತ್ತೇನೆ.

ದೋಷ ಇಲ್ಲವೇ? ಇದೆ. ತೂಕ ಸುಮಾರು 60 ಗ್ರಾಂ, ನನ್ನ ಹಳೆಯದರ ಹತ್ತಿರ ಹತ್ತಿರ ಎರಡರಷ್ಟು. ಬೆಲೆ ಜಾಸ್ತಿ. ಹಳೇ ಹೋಲ್‌ಸ್ಟರ್ (ಸೊಂಟದ ಪಿಸ್ತೂಲು ಚೀಲ) ಇದಕ್ಕೆ ಸರಿಹೊಂದಲಿಲ್ಲ. ಏಸಿ ಕಾರಿನಿಂದ ಸೆಕೆಗೆ ಇಳಿದರೆ ಗಾಜಿಗೆ ಮಂಜು ಕಟ್ಟುತ್ತದೆ, ಹಾಗಾಗಿ ವಾರಕ್ಕೊಮ್ಮೆ ಮಂಜು ತಡೆಯುವ ದ್ರಾವಣ ಒರೆಸುತ್ತೇನೆ. ಮುಂದಿನ ಗಾಜಿಗೆ ಹೊಗೆಯ ಕಪ್ಪು ಎರಡರಲ್ಲೂ ಕೂರುತ್ತದೆ. ಲೆನ್ಸ್ ದ್ರವ, ಹತ್ತಿ ಕಡ್ಡಿ ಸಾಕು. ಗನ್ ತೊಳೆಯುವ ಸಾಲ್ವೆಂಟ್ ಮಾತ್ರ ಗಾಜಿಗೆ ತಾಗಿಸಬೇಡಿ, ಲೇಪನ ಹೋದರೆ ಹೋಯಿತು.

ಸೈಟು ಯಾವುದೇ ಇರಲಿ, ಸ್ಕ್ರೂ ತಲೆಯಿಂದ ಸೈಟಿನ ಮೈವರೆಗೆ ಪೇಂಟಿನ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಅಂತ ಅರ್ಥ. ಡ್ಯೂಟಿಗೆ ಹೊರಡುವ ಮುಂಚೆ ಚುಕ್ಕೆ, ಗಾಜು, ಗೆರೆ ಇಷ್ಟು ನೋಡಲು ಅರ್ಧ ನಿಮಿಷ ಸಾಕು.

ಬಜೆಟ್ ಬಿಗಿ ಇದ್ದು, ಹೆಚ್ಚು ಹೊತ್ತು ಒಳಗೇ ಕೆಲಸ ಮಾಡುವವರಿಗೆ ತೆರೆದದ್ದು ಸಾಲುತ್ತದೆ. ನಾನು ಹೊರಗಿರುವವನು, ಕೆಲಸ ಉದ್ದವಾದರೆ ಮುಂದೂಡುವವನು. ನನಗೆ ಮುಚ್ಚಿದ್ದೇ ಸರಿ. ಹಳೆಯದು ಈಗ ಅಭ್ಯಾಸದ ಪಿಸ್ತೂಲಿನ ಮೇಲಿದೆ. ಮುಂದಿನ ವಾರ ಅದರ ಬ್ಯಾಟರಿ ಬದಲಿಸಬೇಕು. ಟಾರ್ಕ್ ಡ್ರೈವರ್, ನೀಲಿ ಬಾಟಲಿ, ಝೀರೋಗೆ ಬೇಕಾಗುವ ಗುಂಡು ಈಗಾಗಲೇ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ.