ಕಬ್ಬಿಗೆ ಡ್ರಿಪ್: ಒಂದು ನಾಟಿ, ಮೂರು ಕೂಳೆ ಆದ ಮೇಲೆ

ಮಣ್ಣಲ್ಲಿ ಹೂತ ಡ್ರಿಪ್ ಪೈಪಿನ ಮೇಲೆಯೇ ನಾಲ್ಕು ಬೆಳೆ ತೆಗೆದಿದ್ದೇನೆ: ಒಂದು ನಾಟಿ, ಆಮೇಲೆ ಕಡಿದ ಬುಡದಿಂದಲೇ ಮತ್ತೆ ಚಿಗುರಿದ ಮೂರು ಕೂಳೆ. ಸಾಲಿನಿಂದ ಸಾಲಿಗೆ 5 ಅಡಿ, ಪೈಪು 15 ಸೆಂ.ಮೀ. ಆಳದಲ್ಲಿ. 40 ಸೆಂ.ಮೀ.ಗೊಂದು ತೂತು, ಒಂದೊಂದರಿಂದ ಗಂಟೆಗೆ 2 ಲೀಟರ್ ನೀರು.

ನೀರು ಉಳಿಯಿತಾ? ಉಳಿಯಿತು, ಆದರೆ ಮೊದಲ ವರ್ಷ ಅಲ್ಲ. ಹಾಯಿನೀರು ಹರಿಸಿ ರೂಢಿಯಾದವನು ನಾನು. ಸಾಲಲ್ಲಿ ನೀರು ಹರಿಯುವುದು ಕಣ್ಣಿಗೆ ಬೀಳದಿದ್ದರೆ ಸಮಾಧಾನ ಇಲ್ಲ. ಸುಮ್ನೆ ಗಂಟೆಗಟ್ಟಲೆ ಮೋಟಾರ್ ಓಡಿಸಿದೆ. ಎಲೆ ಹಳದಿಯಾಯಿತು. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ಯೂರಿಯಾ ಬಿಟ್ಟೆ. ಕೊನೆಗೆ ಬುಡ ಅಗೆದರೆ ಒಂದೂವರೆ ಮೊಳ ಕೆಳಗೂ ಕೆಸರು! ಯೂರಿಯಾ ನೀರಿನ ಜೊತೆ ಬೇರು ದಾಟಿ ಇಳಿದುಹೋಗುತ್ತಿತ್ತು. ಈಗ ಬುಡದ ಮಣ್ಣು ಹಿಡಿದು ಹಿಸುಕುತ್ತೇನೆ. ಒಳ್ಳೆ ಉಂಡೆ ಕಟ್ಟಿದರೆ ಅವತ್ತು ಮೋಟಾರ್ ಮುಟ್ಟುವುದಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಗೊಬ್ಬರ ಕೊಡುವ ರೀತಿ. ಎರಡು ಮೂರು ಸಲಕ್ಕೆ ಸುರಿಯುತ್ತಿದ್ದ ಯೂರಿಯಾ, ಬಿಳಿ ಪೊಟ್ಯಾಷನ್ನು ಈಗ ವಾರಕ್ಕಿಷ್ಟು ಅಂತ ವೆಂಚುರಿಯಲ್ಲಿ (ಗೊಬ್ಬರದ ನೀರನ್ನು ಪೈಪಿಗೆ ಎಳೆದುಕೊಳ್ಳುವ ಸಾಧನ) ಬಿಡುತ್ತೇನೆ. ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ ಮತ್ತೆ ಬರೀ ನೀರು. ಏಳನೇ ತಿಂಗಳಿಗೆ ಯೂರಿಯಾ ಬಂದ್. ಆಮೇಲೆ ಕೊಟ್ಟರೆ ಹಸಿರು ಬರುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಸೂಪರ್ ಫಾಸ್ಫೇಟ್ ಮಾತ್ರ ಸರಿಯಾಗಿ ಕರಗುವುದಿಲ್ಲ. ಅದನ್ನು ನಾಟಿಗೆ ಮುಂಚೆ ಕೊಟ್ಟಿಗೆ ಗೊಬ್ಬರದ ಜೊತೆ ಮಣ್ಣಿಗೇ ಹಾಕಬೇಕು.

ಎರಡನೇ ವರ್ಷ ಒಂದು ಎಡವಟ್ಟು ಮಾಡಿದೆ. ಕ್ಯಾಲ್ಸಿಯಂ ನೈಟ್ರೇಟ್, ಫಾಸ್ಫರಿಕ್ ಆಮ್ಲ ಎರಡನ್ನೂ ಒಂದೇ ಟ್ಯಾಂಕಿಗೆ ಹಾಕಿಬಿಟ್ಟೆ. ತಳದಲ್ಲಿ ಸುಣ್ಣದಂಥ ಬಿಳಿ ಗಸಿ ಕೂತಿತು, ಮುಕ್ಕಾಲು ಎಕರೆಯ ತೂತು ಕಟ್ಟಿಕೊಂಡವು. ಆಮ್ಲ ಬಿಟ್ಟು ತೊಳೆದರೂ ಎಲ್ಲ ಬಿಡಲಿಲ್ಲ. (ತೊಳೆಯುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ.)

ಕೊರತೆಗಳೂ ಇವೆ. ಒಣ ಮಣ್ಣಲ್ಲಿ ಹೂತ ಪೈಪಿನ ತೇವ ಮೇಲಿರುವ ಬಿತ್ತನೆ ತುಂಡಿಗೆ ಸರಿಯಾಗಿ ಏರುವುದಿಲ್ಲ. ಹಾಗಾಗಿ ಮೊಳಕೆಗೆ ಒಂದೆರಡು ಸಲ ಮೇಲಿಂದ ನೀರು ಕೊಡಲೇಬೇಕಾಯಿತು. ಇಲಿ ಪೈಪು ಕಡಿಯುತ್ತದೆ. ಕಬ್ಬು ಎದೆಮಟ್ಟ ಬಂದ ಮೇಲೆ ಸೋರಿಕೆ ಹುಡುಕುವುದಿದೆಯಲ್ಲ, ಶತ್ರುವಿಗೂ ಬೇಡ ಆ ಕೆಲಸ. ಒಂದು ಸಲ ಒಣಗಿದ ಸಾಲು ಕಂಡ ಮೇಲೇ ಗೊತ್ತಾಗಿದ್ದು.

ಫಿಲ್ಟರ್ ತೊಳೆಯಲು ಬೇಜಾರು ಪಡುವವರು ಇದರ ತಂಟೆಗೆ ಬರಬೇಡಿ. ಫಿಲ್ಟರಿನ ಹಿಂದೆ ಮುಂದೆ ಒಂದೊಂದು ಪ್ರೆಶರ್ ಗೇಜ್ ಇಟ್ಟಿದ್ದೇನೆ. ಎರಡರ ನಡುವಿನ ಅಂತರ ಏರಿದರೆ ತಕ್ಷಣ ತೊಳೆಯುತ್ತೇನೆ.

ಕೂಳೆಯ ರವದಿ (ಒಣಗಿದ ಎಲೆ) ಸುಡದೆ ಸಾಲಿನ ನಡುವೆ ಹರಡಿದೆ. ತೇವ ಇನ್ನೂ ನಿಂತಿತು, ಕಳೆ ತಗ್ಗಿತು.

ಮೂರನೇ ಕೂಳೆಯೂ ಕಡಿದಾಯಿತು. ಮುಂದಿನ ನಾಟಿಗೂ ಡ್ರಿಪ್ಪೇ. ಈ ಸಲ ಫಿಲ್ಟರ್ ಒಂದು ಅಳತೆ ದೊಡ್ಡದು, ಸಾಲುಗಳ ಕೊನೆಯಲ್ಲಿ ಪೈಪಿನೊಳಗಿನ ಕಸ ಹೊರಬಿಡುವ ಫ್ಲಶ್ ವಾಲ್ವ್. ಹಿಂದಿನ ಸಲ ಅದನ್ನು ಹಾಕಿರಲಿಲ್ಲ.